ಹಾವಿನ ಪೆಟ್ಟಿಗೆಗೆ ಎರಡು ಹವೆ: ಚಿಕ್ಕಬಳ್ಳಾಪುರದ ಚಳಿಗೆ ಬಾಲ್ ಪೈಥಾನ್ ಸಾಕುವವರ ಸಿದ್ಧತೆ

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರ ಹುಳು ಮನೆಗೆ ಹೋದರೆ ಗೋಡೆಯ ಮೇಲೆ ಒಂದು ಹಲಗೆ, ಆ ಹಲಗೆಯಲ್ಲಿ ಜೋಡಿ ಥರ್ಮಾಮೀಟರ್ ಕಾಣಿಸುತ್ತದೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ, ಇನ್ನೊಂದು ಬರಿದಾಗಿರುತ್ತದೆ. ಎರಡರ ಅಂತರ ನೋಡಿದರೆ ಗಾಳಿಯ ತೇವಾಂಶ ತಿಳಿಯುತ್ತದೆ. ಒಣಗಿದ್ದು 27 ಡಿಗ್ರಿ, ಒದ್ದೆಯದು 25 ತೋರಿಸಿತೆಂದರೆ ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, ಹೇಳಿ ಮಾಡಿಸಿದ ಹವೆ. ನಮ್ಮ ಅಮ್ಮ ಅದರ ಮುಂದೆ ಒಂದು ಗಳಿಗೆ ನಿಂತು, ಅಗ್ಗಿಷ್ಟಿಕೆಗೆ ಇದ್ದಿಲು ಹಾಕಬೇಕೋ ಗೋಣಿಚೀಲಕ್ಕೆ ನೀರು ಚಿಮುಕಿಸಬೇಕೋ ಎಂದು ತೀರ್ಮಾನಿಸುತ್ತಿದ್ದುದನ್ನು ನೋಡುತ್ತಲೇ ನಾನು ಬೆಳೆದೆ. ಹೀಗಾಗಿ, ಅಕ್ಕನ ಮಗ ಕೆಲಸದ ಮೇಲೆ ಪರದೇಶಕ್ಕೆ ಹೊರಟಾಗ ತನ್ನ ಬಾಲ್ ಪೈಥಾನ್ ಹಾವನ್ನು ನನ್ನ ಬಳಿ ಬಿಟ್ಟು, "ಮಾವ, ಇದಕ್ಕೆ ಬೆಚ್ಚಗಿದ್ದರೆ ಸಾಕು" ಎಂದಾಗ ಇದೇನು ಮಹಾ ವಿದ್ಯೆ ಎಂದುಕೊಂಡೆ.

ಆ ವರ್ಷದ ಡಿಸೆಂಬರ್‌ನಲ್ಲಿ, ನುಂಗಿದ ಇಲಿಯನ್ನು ಹಾವು ನಾಲ್ಕನೇ ದಿನ ಕಕ್ಕಿತು. ಆ ವಾಸನೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಗಾಜಿನ ತೊಟ್ಟಿಯ ಗೋಡೆಗೆ ಅಂಟಿಸಿದ್ದ ಗಡಿಯಾರದಂಥ ಥರ್ಮಾಮೀಟರ್ 29 ಡಿಗ್ರಿ ಎನ್ನುತ್ತಿತ್ತು. ಅಮ್ಮ ಹುಳು ಮನೆಯಿಂದ ತಮ್ಮ ಥರ್ಮಾಮೀಟರ್ ತಂದು, ಹಾವು ಸುರುಳಿ ಸುತ್ತಿ ಮಲಗುತ್ತಿದ್ದ ಮಡಕೆಯೊಳಗೆ ಇಟ್ಟು, ಹದಿನೈದು ನಿಮಿಷ ಬಿಟ್ಟು ತೆಗೆದರು. 22. "ನೀನು ಗಾಜಿಗೆ ಶಾಖ ಕೊಟ್ಟಿದ್ದೀಯಪ್ಪ, ಹಾವಿಗಲ್ಲ" ಎಂದರು. ಬಲ್ಬಿನ ಪಕ್ಕದಲ್ಲೇ ಅಂಟಿಸಿದ್ದ ಆ ಗಡಿಯಾರ ಬಲ್ಬಿನ ಬಿಸಿಯನ್ನೇ ಅಳೆಯುತ್ತಿತ್ತು.

ಆಮೇಲೆ ಮೂರು ಚಳಿಗಾಲ ಕಳೆದಿವೆ. ಗಾಜಿನ ತೊಟ್ಟಿ ಹೋಗಿ ಪ್ಲೈವುಡ್ ಪೆಟ್ಟಿಗೆ ಬಂದಿದೆ. ಹಾವು ಮತ್ತೆ ಕಕ್ಕಿಲ್ಲ. ಈ ನಡುವೆ ಏನೇನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದ್ದರೆ ಹಣವೂ ನಿದ್ದೆಯೂ ಉಳಿಯುತ್ತಿತ್ತು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಮೊದಲು ಕಾಗದಪತ್ರ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಬಿಟ್ಟು ಮುಂದೆ ಹೋಗಬೇಡಿ. ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಹೀಗೆ ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. 'ಎರಡು ತಲೆ ಹಾವು' ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆ ಎಂದು ನಮ್ಮ ಸುತ್ತಮುತ್ತ ಪಿಸುಗುಟ್ಟುವವರು ಇದ್ದಾರೆ. ಬರುವುದು ಅರಣ್ಯ ಇಲಾಖೆಯ ಜೀಪು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಅದರ ಹೆಸರಿದೆ. ಇಂಥ ಪ್ರಾಣಿಗಳನ್ನೂ ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ತರಲು 2022ರಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಮಾರುವವನು ಕಾಗದ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಹೀಟರಿನ ಯೋಚನೆ ಆಮೇಲಿನದು.

ಹುಳುವಿಗೆ ಒಂದು ಹವೆ, ಹಾವಿಗೆ ಎರಡು

ನನ್ನ ಮೊದಲ ತಪ್ಪು ಹುಳು ಮನೆಯ ಬುದ್ಧಿಯನ್ನು ಹಾಗೆಯೇ ಎತ್ತಿ ಹಾವಿನ ಪೆಟ್ಟಿಗೆಗೆ ಹಾಕಿದ್ದು. ರೇಷ್ಮೆ ಹುಳು ತಟ್ಟೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಆದ್ದರಿಂದ ಇಡೀ ಕೋಣೆಯನ್ನು ಒಂದೇ ಸಮನಾಗಿ ಕಾಯಿಸಿದರೆ ಆಯಿತು. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಅದು ಬಿಸಿಯಿರುವ ಕಡೆ ಹೋಗಿ ಮೈ ಕಾಯಿಸಿಕೊಳ್ಳುತ್ತದೆ, ಸಾಕೆನ್ನಿಸಿದಾಗ ತಂಪಿಗೆ ಸರಿಯುತ್ತದೆ. ಹೊಟ್ಟೆ ತುಂಬಿದ್ದರೆ ಹೆಚ್ಚು ಹೊತ್ತು ಬಿಸಿಯಲ್ಲಿ ಇರುತ್ತದೆ. ಬಿಸಿ ಸಾಲದಿದ್ದರೆ ಜೀರ್ಣರಸಗಳು ನಿಧಾನವಾಗುತ್ತವೆ, ಒಳಗಿನ ಇಲಿ ಕರಗುವ ಬದಲು ಕೊಳೆಯಲು ತೊಡಗುತ್ತದೆ, ಹಾವು ಅದನ್ನು ಹೊರಹಾಕುತ್ತದೆ. ನನ್ನ ಮನೆಯಲ್ಲಿ ಆದದ್ದು ಇದೇ.

ಆದ್ದರಿಂದ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 24ರಿಂದ 26 ಡಿಗ್ರಿ ಇರಬೇಕು. ಎರಡೂ ಕಡೆ ಅಡಗಿ ಕೂರಲು ಒಂದೊಂದು ಮರೆ ಬೇಕು. ಒಂದೇ ಕಡೆ ಮರೆಯಿದ್ದರೆ ಹಾವು ಬಿಸಿ ಮತ್ತು ಧೈರ್ಯ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಈ ಜಾತಿಯ ಹಾವು ಪ್ರತಿಸಲವೂ ಧೈರ್ಯವನ್ನೇ ಆರಿಸಿ ಚಳಿಯಲ್ಲಿ ಕೂರುತ್ತದೆ. ಕಾಡಿನಲ್ಲಿ ಗೆದ್ದಲು ಹುತ್ತದಲ್ಲೋ ಇಲಿಯ ಬಿಲದಲ್ಲೋ ಹಗಲು ಕಳೆಯುವ ಜೀವ ಅದು. ನಾನು ಎರಡು ಸಣ್ಣ ಮಡಕೆ ತಂದು, ಬಾಯಿಯ ಒಂದು ಪಕ್ಕವನ್ನು ಒಡೆದು, ಅಂಚನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ ಬೋರಲು ಹಾಕಿದ್ದೇನೆ. ಹಾವಿನ ಮೈ ಮಡಕೆಯ ಒಳಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿದ್ದರೆ ಅದಕ್ಕೆ ನೆಮ್ಮದಿ.

ಪೆಟ್ಟಿಗೆ ಮತ್ತು ಅದರ ಜಾಗ

ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿದೆ. ಕೋಲಾರ, ತುಮಕೂರು ತುಸು ಕೆಳಗಿದ್ದರೂ ಚಳಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಧನುರ್ಮಾಸದ ಬೆಳಗಿನ ಜಾವ ಹೊರಗೆ 12ರಿಂದ 15 ಡಿಗ್ರಿಯವರೆಗೆ ಇಳಿಯುವುದು ಇಲ್ಲಿ ಮಾಮೂಲು. ಮನೆಯೊಳಗೆ, ಅದೂ ಆರ್‌ಸಿಸಿ ಮನೆಯಾದರೆ, 19–20ರ ಆಸುಪಾಸು ನಿಲ್ಲುತ್ತದೆ. ಶೀಟು ಹೊದಿಸಿದ ಮನೆಯಲ್ಲಿ ಇನ್ನೂ ಕಡಿಮೆ. ಅಂದರೆ ಬಿಸಿ ತುದಿಯನ್ನು ರಾತ್ರಿ ಹನ್ನೆರಡು ಡಿಗ್ರಿಯಷ್ಟು ಮೇಲೆತ್ತಬೇಕು. ಇದನ್ನು ಬರೀ ಹೀಟರಿನ ಬಲದಿಂದ ಮಾಡಲು ಹೋದರೆ ಹೀಟರಿಗೂ ಬಿಲ್ಲಿಗೂ ಸುಸ್ತು. ಮೊದಲು ಬಿಸಿ ಸೋರುವ ದಾರಿಗಳನ್ನು ಮುಚ್ಚಬೇಕು.

ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ. ರೆಡ್ ಆಕ್ಸೈಡ್ ನೆಲವಾಗಲಿ ಗ್ರಾನೈಟ್ ನೆಲವಾಗಲಿ ಚಳಿಗಾಲದಲ್ಲಿ ಬಿಸಿ ಹೀರುವುದರಲ್ಲಿ ಎತ್ತಿದ ಕೈ. ಎರಡು ಅಡಿ ಎತ್ತರದ ಮೇಜು ಸಾಕು. ಕಿಟಕಿಯ ಪಕ್ಕ ಬೇಡ, ಹೊರಗೋಡೆಗೆ ಒರಗಿಸುವುದೂ ಬೇಡ. ಅಡುಗೆಮನೆಗೆ ಬೆನ್ನು ಹಾಕಿರುವ ಒಳಗೋಡೆ ಸಿಕ್ಕರೆ ಅದು ಅತ್ಯುತ್ತಮ. ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ಗಾಜಿನ ತೊಟ್ಟಿ ಇಟ್ಟರೆ ಅರ್ಧ ಗಂಟೆಯಲ್ಲಿ ಅದು ಒಲೆಯಾಗುತ್ತದೆ, ಆದ್ದರಿಂದ "ಪಾಪ, ಸ್ವಲ್ಪ ಎಳೆಬಿಸಿಲು ಕಾಯಿಸೋಣ" ಎಂಬ ಕರುಣೆ ಬೇಡವೇ ಬೇಡ.

ಗಾಜಿಗಿಂತ ಮರ ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ. ದೊಡ್ಡ ಹಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪ್ಲೈವುಡ್ ಪೆಟ್ಟಿಗೆ, ಮುಂದೆ ಜಾರುವ ಗಾಜು. ಊರಿನ ಬಡಗಿ ಎರಡು ದಿನದಲ್ಲಿ ಮಾಡಿಕೊಟ್ಟರು. ಏನು ಸಾಕುತ್ತೀರಿ ಎಂದು ಕೇಳಿದಾಗ ನಾನು ಕೊಟ್ಟ ಉತ್ತರಕ್ಕೆ, ಬೀಗ ಹಾಕುವ ಚಿಲಕವನ್ನು ಅವರೇ ಕೇಳದೆ ಒಂದು ಹೆಚ್ಚಾಗಿ ಬಡಿದುಕೊಟ್ಟರು. ವಾರ್ನಿಷ್ ಮತ್ತು ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ, ಎರಡು ಮೂರು ವಾರವಾದರೂ, ಪೆಟ್ಟಿಗೆಯನ್ನು ಬಾಯಿ ತೆರೆದು ಗಾಳಿಗೆ ಇಡಿ.

ಈಗಾಗಲೇ ಗಾಜಿನ ತೊಟ್ಟಿ ಇರುವವರು ಅದನ್ನು ಎಸೆಯಬೇಕಿಲ್ಲ. ಹಿಂದೆ ಮತ್ತು ಎರಡು ಪಕ್ಕ ಒಂದು ಅಂಗುಲ ದಪ್ಪದ ಥರ್ಮಾಕೋಲ್ ಹಾಳೆಯನ್ನು ಹೊರಗಿನಿಂದ ಕಟ್ಟಿ. ಮೇಲಿನ ಜಾಲರಿಯಿಂದಲೇ ಬಿಸಿಯ ದೊಡ್ಡ ಪಾಲು ಹಾರಿಹೋಗುವುದು. ಅದರ ಮೂರರಲ್ಲಿ ಎರಡು ಭಾಗವನ್ನು ಮುಚ್ಚಿ, ಉಳಿದದ್ದನ್ನು ಗಾಳಿಗೆ ಬಿಡಿ. ಜಾಲರಿಯ ಮೇಲೆ ದೀಪ ಅಥವಾ ಹೀಟರ್ ಕೂತಿದ್ದರೆ ಅದರ ಹತ್ತಿರಕ್ಕೆ ಥರ್ಮಾಕೋಲ್ ಆಗಲಿ ಬಟ್ಟೆಯಾಗಲಿ ಬರಕೂಡದು.

ಹೀಟರಿಗಿಂತ ಮೊದಲು ಅಳತೆ

ಅಂಗಡಿಗೆ ಹೋದವರು ಮೊದಲು ಹೀಟರ್ ಕೊಳ್ಳುತ್ತಾರೆ. ಮೊದಲು ಕೊಳ್ಳಬೇಕಾದದ್ದು ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಎರಡು ಡಿಜಿಟಲ್ ಥರ್ಮಾಮೀಟರ್. ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣಾಂಶವನ್ನು ನೆನಪಿಟ್ಟುಕೊಳ್ಳುವಂಥದ್ದು ಸಿಕ್ಕರೆ ನೀವು ಬೆಳಗಿನ ಜಾವ ಮೂರು ಗಂಟೆಗೆ ಏಳಬೇಕಿಲ್ಲ. ಒಂದರ ತುದಿ ಬಿಸಿ ಮಡಕೆಯೊಳಗೆ, ಇನ್ನೊಂದರ ತುದಿ ತಂಪು ಮಡಕೆಯೊಳಗೆ, ಹಾವಿನ ಮೈಮಟ್ಟದಲ್ಲಿ ಇರಬೇಕು. ಗಾಜಿಗೆ ಅಂಟಿಸುವ ಗಡಿಯಾರದ ಮಾದರಿಯದನ್ನು ಪುಕ್ಕಟೆ ಕೊಟ್ಟರೂ ಬೇಡ.

ಕೊಂಡದ್ದನ್ನು ನಂಬುವ ಮುಂಚೆ ಪರೀಕ್ಷಿಸಿ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಅದು ಮುಳುಗುವಷ್ಟು ಮಾತ್ರ ನೀರು ಹುಯ್ದು, ಕಲಕಿ, ಸೆನ್ಸರಿನ ತುದಿಯನ್ನು ಅದ್ದಿ. ಎರಡು ಮೂರು ನಿಮಿಷದಲ್ಲಿ ಸೊನ್ನೆಗೆ ಬರಬೇಕು. ಒಂದು ಡಿಗ್ರಿ ಅತ್ತಿತ್ತ ಇದ್ದರೆ ಅದನ್ನು ಪೆಟ್ಟಿಗೆಯ ಮೇಲೆ ಬರೆದಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂರು ಡಿಗ್ರಿ ತಪ್ಪಿದ್ದರೆ ಅಂಗಡಿಗೆ ಹಿಂದಿರುಗಿಸಿ. ತೇವಾಂಶ ಅಳೆಯುವ ಮೀಟರಿಗೂ ಅಡುಗೆಮನೆಯಲ್ಲೇ ಪರೀಕ್ಷೆ ಇದೆ. ಸೀಸೆಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಮೀಟರು 75 ತೋರಿಸಬೇಕು. ಅಮ್ಮನಿಗೆ ಇದನ್ನು ಹೇಳಿದಾಗ ಅವರು ತಮ್ಮ ಒದ್ದೆ ಬಟ್ಟೆಯ ಥರ್ಮಾಮೀಟರನ್ನೇ ಪಕ್ಕದಲ್ಲಿಟ್ಟು ತಾಳೆ ನೋಡಿ, ನನ್ನ ಮೀಟರು ಆರು ಅಂಶ ಸುಳ್ಳು ಹೇಳುತ್ತಿದೆ ಎಂದು ತೋರಿಸಿದರು. ಉಪ್ಪೂ ಅದನ್ನೇ ಹೇಳಿತು.

ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅನುಕೂಲ. ಆದರೆ ಅದು ನೆಲದ, ಮಡಕೆಯ ಮೇಲ್ಮೈ ಬಿಸಿಯನ್ನು ಮಾತ್ರ ಹೇಳುತ್ತದೆ, ಗಾಳಿಯ ಬಿಸಿಯನ್ನಲ್ಲ.

ಯಾವ ಹೀಟರ್?

ಗಾಜಿನ ಅಥವಾ ಪ್ಲಾಸ್ಟಿಕ್ ತೊಟ್ಟಿಗೆ ಅಡಿಯಿಂದ ಬಿಸಿ ಕೊಡುವ ಹೀಟ್ ಮ್ಯಾಟ್ ಹೊಂದುತ್ತದೆ. ನೆಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗವನ್ನು ಅದು ಆವರಿಸಬಾರದು, ಇಲ್ಲದಿದ್ದರೆ ತಂಪು ತುದಿ ಉಳಿಯುವುದಿಲ್ಲ. ಮ್ಯಾಟು ತೊಟ್ಟಿಯ ಹೊರಗೆ, ತಳಕ್ಕೆ ಅಂಟಿರಬೇಕು. ತೊಟ್ಟಿಯ ನಾಲ್ಕು ಮೂಲೆಗೆ ರಬ್ಬರ್ ಗುಂಡಿಗಳನ್ನಿಟ್ಟು ಮೇಜಿಗೂ ಮ್ಯಾಟಿಗೂ ನಡುವೆ ಬೆರಳಿನಷ್ಟು ಸಂದು ಬಿಡಿ. ಒಳಗೆ ಮ್ಯಾಟಿನ ಮೇಲೆ ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ಸುರಿದರೆ ಅದು ಕಂಬಳಿಯಂತೆ ಬಿಸಿಯನ್ನು ಕೆಳಗೇ ತಡೆಯುತ್ತದೆ, ಮೇಲೆ ಹಾವಿಗೆ ಚಳಿ, ಕೆಳಗೆ ಗಾಜು ಬಿರಿಯುವ ಕಾವು. ಒಂದೆರಡು ಸೆಂಟಿಮೀಟರ್ ಸಾಕು. ತಿಪಟೂರಿನ ಕಡೆಯವರಿಗೆ ಈ ನಾರಿನ ಪುಡಿ ಎಲ್ಲಿ ಸಿಗುತ್ತದೆ ಎಂದು ಹೇಳಬೇಕಿಲ್ಲ. ನರ್ಸರಿಗಳಲ್ಲಿ ಕೊಕೊಪೀಟ್ ಎಂಬ ಹೆಸರಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುವುದೂ ಇದೇ. ಗೊಬ್ಬರ ಬೆರೆಸದೇ ಇರುವುದನ್ನು ಕೇಳಿ ತನ್ನಿ.

ಮರದ ಪೆಟ್ಟಿಗೆಯ ಅಡಿಗೆ ಮ್ಯಾಟ್ ಹಾಕಬೇಡಿ. ಬಿಸಿ ಮೇಲಕ್ಕೆ ದಾಟುವುದಿಲ್ಲ, ಪ್ಲೈವುಡ್ ಒಳಗೊಳಗೇ ಕಮರುತ್ತದೆ. ಮರದ ಪೆಟ್ಟಿಗೆಗೆ ಮೇಲಿನಿಂದಲೇ ಬಿಸಿ ಬರಬೇಕು. ನಾನು ಬಳಸುವುದು ಬೆಳಕು ಕೊಡದೆ ಬರೀ ಶಾಖ ಕೊಡುವ 100 ವಾಟಿನ ಸಿರಾಮಿಕ್ ಹೀಟರ್. ನೋಡಲು ಬಲ್ಬಿನಂತೆಯೇ ಇರುತ್ತದೆ, ಇಲ್ಲೇ ಒಂದು ತೊಡಕು. ನಮ್ಮ ಮನೆಗಳ ಬಲ್ಬ್ ಹೋಲ್ಡರುಗಳು ಹೆಚ್ಚಾಗಿ ಎರಡು ಪಿನ್ನಿನವು. ಇದಕ್ಕೆ ತಿರುಪಿ ಹಾಕುವ ಹೋಲ್ಡರ್ ಬೇಕು, ಅದೂ ಪಿಂಗಾಣಿಯದೇ ಆಗಬೇಕು. ಪ್ಲಾಸ್ಟಿಕ್ ಹೋಲ್ಡರು ಈ ಶಾಖಕ್ಕೆ ಕರಗಿ ಇಳಿಯುತ್ತದೆ. ಹೀಟರಿನ ಸುತ್ತ ತಂತಿಜಾಲರಿಯ ಪಂಜರ ಕಡ್ಡಾಯ. ಅದರ ಮೇಲ್ಮೈ 200 ಡಿಗ್ರಿ ದಾಟಬಲ್ಲದು, ಮತ್ತು ಹಾವು ನಾವು ಕೈ ಹಿಂತೆಗೆದುಕೊಳ್ಳುವಷ್ಟು ಚುರುಕಾಗಿ ಬಿಸಿಯಿಂದ ಹಿಂತೆಗೆಯುವುದಿಲ್ಲ. ಸುಡುತ್ತಿದ್ದರೂ ಸುತ್ತಿಕೊಂಡೇ ಇರುತ್ತದೆ. ಡಬ್ಬಿಯ ಮೇಲೆ 220 ಅಥವಾ 230 ವೋಲ್ಟ್ ಎಂದಿದೆಯೇ ನೋಡಿ. 110 ವೋಲ್ಟಿನದು ನಮ್ಮ ಕರೆಂಟಿಗೆ ಹಾಕಿದರೆ ನಾಲ್ಕು ಪಟ್ಟು ಕಾಯ್ದು ಸುಟ್ಟುಹೋಗುತ್ತದೆ.

ವೋಲ್ಟೇಜಿನ ಮಾತು ಬಂದದ್ದರಿಂದ ಹೇಳುತ್ತೇನೆ: ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನಿನಲ್ಲಿ 190 ವೋಲ್ಟ್ ಬಂದರೆ 230 ವೋಲ್ಟಿನ 100 ವಾಟ್ ಹೀಟರು 68 ವಾಟಿನಷ್ಟೇ ಶಾಖ ಕೊಡುತ್ತದೆ. ಆದ್ದರಿಂದ ಲೆಕ್ಕಕ್ಕೆ ಸರಿಯಾಗಿ 60 ವಾಟ್ ಸಾಕೆನಿಸಿದರೂ ಒಂದು ಹಂತ ದೊಡ್ಡದನ್ನೇ ತನ್ನಿ; ಹೆಚ್ಚಾದದ್ದನ್ನು, ಬಿಸಿ ಸಾಕಾದಾಗ ಹೀಟರನ್ನು ತಾನೇ ಆರಿಸುವ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ.

ಬೇಡದ್ದರ ಪಟ್ಟಿ ಚಿಕ್ಕದು: ಬಿಸಿಯಾಗುವ ಕೃತಕ ಕಲ್ಲು, ಸೊಂಟನೋವಿಗೆ ಇಟ್ಟುಕೊಳ್ಳುವ ಹೀಟಿಂಗ್ ಪ್ಯಾಡ್, ರಾತ್ರಿಯಿಡೀ ಉರಿಯುವ ಕೆಂಪು ಬಲ್ಬ್. ಮತ್ತು ಅಗ್ಗಿಷ್ಟಿಕೆ. ಹುಳು ಮನೆಯಲ್ಲಿ ಕಿಂಡಿ ಬಿಟ್ಟು ಇದ್ದಿಲು ಇಡುತ್ತಿದ್ದ ಕಾಲವಿತ್ತು. ಬಾಗಿಲು ಹಾಕಿದ ಮಲಗುವ ಕೋಣೆಯಲ್ಲಿ ಕೆಂಡ ಇಟ್ಟರೆ ಅದರ ವಿಷಾನಿಲ ಹಾವನ್ನಷ್ಟೇ ಅಲ್ಲ, ಸಾಕಿದವರನ್ನೂ ಬಿಡುವುದಿಲ್ಲ. ಸೊಳ್ಳೆಬತ್ತಿಯೂ ಬೇಡ. ರೇಷ್ಮೆ ಸಾಕುವವರು ಹುಳು ಮನೆಯ ಹತ್ತಿರ ಸೊಳ್ಳೆಬತ್ತಿ ಹಚ್ಚಲು ಬಿಡುವುದಿಲ್ಲವಲ್ಲ, ಆ ಕಟ್ಟುನಿಟ್ಟು ಇಲ್ಲಿಗೂ ಸರಿ.

ಥರ್ಮೋಸ್ಟಾಟ್, ಮತ್ತು ನೀರಿಗೆ ಬಿದ್ದ ಸೆನ್ಸರ್

ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಪ್ಲಗ್ಗಿಗೆ ಹಾಕಬಾರದು. ಕೋಳಿಮೊಟ್ಟೆ ಮರಿ ಮಾಡಿಸುವ ಇನ್‌ಕ್ಯುಬೇಟರಿಗೆ ಬಳಸುವ ಎಸ್‌ಟಿಸಿ-1000 ಮಾದರಿಯ ಕಂಟ್ರೋಲರ್ ಈ ಕೆಲಸಕ್ಕೆ ಆಗುತ್ತದೆ. ಅದರ ರಿಲೇ, ಅಂದರೆ ಕರೆಂಟನ್ನು ಹತ್ತಿಸಿ ಆರಿಸುವ ಒಳಗಿನ ಸ್ವಿಚ್ಚು, 10 ಆಂಪಿಯರ್ ತಡೆಯುತ್ತದೆ, ನಮ್ಮ ಹೀಟರಿಗೆ ಅರ್ಧ ಆಂಪಿಯರೂ ಬೇಕಿಲ್ಲ. 32ಕ್ಕೆ ಇಟ್ಟು, ಹೀಟರ್ ಆರುವ ಮತ್ತು ಮತ್ತೆ ಹತ್ತುವ ಬಿಸಿಯ ನಡುವಿನ ವ್ಯತ್ಯಾಸವನ್ನು 1 ಡಿಗ್ರಿಗೆ ಇಡಿ. ಅದಕ್ಕೆ ತಂತಿ ಜೋಡಿಸುವುದನ್ನು ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ, ಡಬ್ಬಿಯೊಳಗೆ ಮುಚ್ಚಿಸಿ, ಅರ್ಥಿಂಗ್ ಇದೆಯೇ ಖಚಿತಪಡಿಸಿಕೊಳ್ಳಿ. ಬೆಳಕು ಕೊಡುವ ಹ್ಯಾಲೊಜನ್ ದೀಪವನ್ನು ಬಿಸಿಗೆ ಬಳಸುವವರು ಇದನ್ನು ಬಿಟ್ಟು ಡಿಮ್ಮರ್ ಮಾದರಿಯ ಥರ್ಮೋಸ್ಟಾಟ್ ಕೊಳ್ಳಬೇಕು, ಇಲ್ಲದಿದ್ದರೆ ದೀಪ ಮಿಣಮಿಣ ಆರಿ ಹತ್ತಿ ಬೇಗ ಸಾಯುತ್ತದೆ.

ಕೆಲಸ ಕೆಡುವುದು ಸೆನ್ಸರನ್ನು ಎಲ್ಲಿ, ಹೇಗೆ ಕೂರಿಸುತ್ತೇವೆ ಎಂಬುದರಲ್ಲಿ. ಎರಡನೇ ಚಳಿಗಾಲ, ಸಂಕ್ರಾಂತಿಯ ಮಾರನೆಯ ದಿನ. ಆಗ ಇನ್ನೂ ಗಾಜಿನ ತೊಟ್ಟಿ, ಅಡಿಯಲ್ಲಿ ಮ್ಯಾಟು. ಸೆನ್ಸರಿನ ತಂತಿಯನ್ನು ಒಳಗೆ ಸುಮ್ಮನೆ ಇಳಿಬಿಟ್ಟಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡಿದರೆ ಹಾವು ತಂಪು ತುದಿಯ ಮೂಲೆಯಲ್ಲಿ ನೆಟ್ಟಗೆ ಎದ್ದು, ಮುಚ್ಚಳದ ಸಂದಿಗೆ ಮೂತಿ ಒತ್ತಿಕೊಂಡು ನಿಂತಿದೆ. ಕಂಟ್ರೋಲರಿನ ಮುಖದ ಮೇಲೆ 23. ಹೀಟರ್ ಉರಿಯುತ್ತಿದೆ ಎನ್ನುವ ಕೆಂಪು ಚುಕ್ಕೆ. ರಾತ್ರಿ ಓಡಾಡುವಾಗ ಹಾವು ತಂತಿಯನ್ನು ತಳ್ಳಿದೆ, ಸೆನ್ಸರಿನ ತುದಿ ನೀರಿನ ಬಟ್ಟಲಿಗೆ ಬಿದ್ದಿದೆ. ನೀರು 23 ಡಿಗ್ರಿ. ಕಂಟ್ರೋಲರಿಗೆ ಕಂಡದ್ದು ಅಷ್ಟೇ. ಅದು ತನ್ನ ಕರ್ತವ್ಯವನ್ನು ತಪ್ಪದೆ ಮಾಡಿ ರಾತ್ರಿಯಿಡೀ ಮ್ಯಾಟನ್ನು ಕಾಯಿಸಿದೆ. ಬಿಸಿ ತುದಿಯ ನೆಲಕ್ಕೆ ಇನ್‌ಫ್ರಾರೆಡ್ ಹಿಡಿದೆ: 47. ತಂಪು ತುದಿ ಎಂಬುದೊಂದು ಇದ್ದದ್ದರಿಂದ ಹಾವು ಉಳಿಯಿತು.

ಅಂದಿನಿಂದ ನನ್ನ ಮನೆಯ ಕಟ್ಟಳೆ ಹೀಗಿದೆ. ಮ್ಯಾಟ್ ಆದರೆ ಸೆನ್ಸರ್ ತೊಟ್ಟಿಯ ಹೊರಗೆ, ಮ್ಯಾಟಿಗೂ ಗಾಜಿಗೂ ನಡುವೆ ಇರಬೇಕು. ಒಳನೆಲ 32 ತೋರಿಸುವವರೆಗೆ ಕಂಟ್ರೋಲರಿನ ಅಂಕಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಹೊಂದಿಸಬೇಕು. ಮೇಲಿನ ಹೀಟರ್ ಆದರೆ ಸೆನ್ಸರನ್ನು ಬಿಸಿ ಮಡಕೆಯ ಪಕ್ಕದ ಗೋಡೆಗೆ, ಹಾವಿನ ಎತ್ತರದಲ್ಲಿ, ತಂತಿ ಹಿಡಿಯುವ ಮೊಳೆ ಕ್ಲಿಪ್ಪಿನಿಂದ ಬಿಗಿಯಬೇಕು. ಸೆಲ್ಲೋಟೇಪ್ ಆಗಲಿ ಇನ್ಯಾವ ಅಂಟುಪಟ್ಟಿಯಾಗಲಿ ಪೆಟ್ಟಿಗೆಯ ಒಳಗೆ ಕಾಲಿಡಕೂಡದು. ಹಾವಿನ ಮೈಗೆ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ. ಅಂಟಿದ್ದರೆ ಎಳೆಯಬೇಡಿ, ಅಡುಗೆ ಎಣ್ಣೆ ಸವರಿ ನೆನೆಸಿ ನಿಧಾನವಾಗಿ ಬಿಡಿಸಿ.

ರಿಲೇ ಅಂಟಿಕೊಂಡು ಹೀಟರ್ ಆರದೇ ಉಳಿಯುವುದೂ ಉಂಟು. ಅದಕ್ಕೆ ಮೊದಲನೆಯದರ ಹಿಂದೆಯೇ ಎರಡನೇ ಥರ್ಮೋಸ್ಟಾಟ್ ಒಂದನ್ನು ಸಾಲಾಗಿ ಜೋಡಿಸಿ 36ಕ್ಕೆ ಇಡುವುದು ಒಳ್ಳೆಯದು. ಹೆಚ್ಚಿನ ದಿನ ಅದು ಸುಮ್ಮನೆ ಕೂತಿರುತ್ತದೆ, ಅದರ ಕೆಲಸವೇ ಅದು. ಹೊರಗಿನ ತಂತಿಗಳನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿಟ್ಟು ಮೇಲೆತ್ತಿ ಜೋಡಿಸಿದರೆ, ಬಟ್ಟಲಿನ ನೀರು ಚೆಲ್ಲಿ ತಂತಿಗುಂಟ ಹರಿದರೂ ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಹಾವನ್ನು ಬಿಡುವ ಮುಂಚೆ ಖಾಲಿ ಪೆಟ್ಟಿಗೆಯನ್ನು ಎರಡು ದಿನ ಎರಡು ರಾತ್ರಿ ಓಡಿಸಿ. ಮಧ್ಯಾಹ್ನ ಎರಡಕ್ಕೆ ಎಷ್ಟು, ಬೆಳಗಿನ ಜಾವ ಐದಕ್ಕೆ ಎಷ್ಟು ಎಂದು ಬರೆದಿಡಿ. ಈ ಎರಡು ಅಂಕಿಗಳ ನಡುವೆ ಬಿಸಿ ತುದಿಯಲ್ಲಿ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಪೆಟ್ಟಿಗೆ ಎಲ್ಲೋ ಸೋರುತ್ತಿದೆ.

ಬಿಸಿ ತಂದ ಒಣಹವೆ

ರೇಷ್ಮೆ ಇಲಾಖೆಯ ಕೈಪಿಡಿಗಳಲ್ಲಿ ಉಷ್ಣಾಂಶದ ಪಕ್ಕದಲ್ಲೇ ಶೈತ್ಯಾಂಶ, ಅಂದರೆ ಗಾಳಿಯ ತೇವಾಂಶ, ಎಂಬ ಮಾತು ಬರುತ್ತದೆ. ಹೀಟರ್ ಹಾಕಿದವರು ಮರೆಯುವುದು ಇದನ್ನೇ. 20 ಡಿಗ್ರಿಯಲ್ಲಿ ಶೇಕಡ 70 ತೇವಾಂಶವಿದ್ದ ಗಾಳಿಯನ್ನು ನೀರು ಸೇರಿಸದೆ 31 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇಕಡ 36ಕ್ಕೆ ಇಳಿಯುತ್ತದೆ. ಬಾಲ್ ಪೈಥಾನಿಗೆ 55ರಿಂದ 65 ಬೇಕು, ಪೊರೆ ಬಿಡುವಾಗ 70. ಒಣಹವೆಯಲ್ಲಿ ಪೊರೆ ತುಂಡುತುಂಡಾಗಿ ಹರಿದು ಮೈಗೆ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲಿನದು ಉಳಿದರಂತೂ ತಾಪತ್ರಯ.

ಅಗಲ ಬಾಯಿಯ, ಮಗುಚಿಬೀಳದ ಭಾರದ ಬಟ್ಟಲಿನಲ್ಲಿ ನೀರಿಟ್ಟು, ಅದನ್ನು ಪೆಟ್ಟಿಗೆಯ ನಡುಭಾಗಕ್ಕೆ, ಬಿಸಿ ತುದಿಯ ಕಡೆಗೆ ಸ್ವಲ್ಪ ಸರಿಸಿ. ನಾರಿನ ಪುಡಿಯ ತಳಭಾಗಕ್ಕೆ ವಾರಕ್ಕೊಮ್ಮೆ ಮೂಲೆಯಿಂದ ನೀರು ಹುಯ್ಯಿರಿ. ಮೇಲ್ಪದರ ಒಣಗಿಯೇ ಇರಲಿ. ಒದ್ದೆ ಹಾಸಿಗೆಯೂ ಚಳಿಯೂ ಸೇರಿದರೆ ಹೊಟ್ಟೆಯ ಕೆಳಗಿನ ಚರ್ಮ ಕೊಳೆಯುತ್ತದೆ. ಹಾವಿನ ಕಣ್ಣು ಹಾಲು ಬೆರೆಸಿದಂತೆ ನೀಲಿಬಿಳುಪಾದಾಗ ಒದ್ದೆ ಬಟ್ಟೆ ಹಾಕಿದ, ಪಕ್ಕಕ್ಕೆ ತೂತು ಕೊರೆದ ಡಬ್ಬಿಯೊಂದನ್ನು ಒಳಗಿಡಿ. ನಮ್ಮ ಕಡೆ ರೇಷ್ಮೆ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ಜ್ವರ ಎನ್ನುತ್ತೇವೆ. ಹಾವೂ ಆಗ ಮೇವು ಬಿಟ್ಟು ಸುಮ್ಮನೆ ಕೂರುತ್ತದೆ. "ಜ್ವರಕ್ಕೆ ಕೂತಿದೆ, ಮುಟ್ಟಬೇಡ" ಎಂದು ಅಮ್ಮ ಹೇಳುವುದು ಈಗ ಎರಡಕ್ಕೂ ಅನ್ವಯವಾಗುತ್ತದೆ.

ಕರೆಂಟ್ ಹೋದ ರಾತ್ರಿ

100 ವಾಟಿನ ಹೀಟರು ಥರ್ಮೋಸ್ಟಾಟಿನ ಅಂಕೆಯಲ್ಲಿ ದಿನದ ಅರ್ಧ ಹೊತ್ತು ಉರಿದರೆ 1.2 ಯೂನಿಟ್. ಮನೆಗೆ 12 ವೋಲ್ಟ್, 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಲೆಕ್ಕದ ಪ್ರಕಾರ 1,800 ವಾಟ್‌ಅವರ್ ಇರುತ್ತದೆ. ಅದರ ಮೂರರಲ್ಲಿ ಎರಡು ಪಾಲು ಕೈಗೆ ಸಿಕ್ಕರೂ ಒಂದು ರಾತ್ರಿ ದಾಟಿಸಲು ಧಾರಾಳ. ಪೆಟ್ಟಿಗೆಯ ಪ್ಲಗ್ಗನ್ನು ಇನ್ವರ್ಟರಿನ ಲೈನಿಗೇ ಸೇರಿಸಿ.

ಇನ್ವರ್ಟರ್ ಇಲ್ಲದವರು ಗಾಬರಿಯಾಗಬೇಕಿಲ್ಲ. ಹೊಟ್ಟೆ ಖಾಲಿಯಿರುವ ಆರೋಗ್ಯವಂತ ಹಾವು ಒಂದು ರಾತ್ರಿ 20 ಡಿಗ್ರಿಯನ್ನು ತಡೆದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಗಾಳಿಕಿಂಡಿ ಮಾತ್ರ ಬಿಡಿ, ಹೀಟರಿನ ಸ್ವಿಚ್ಚನ್ನು ಮರೆಯದೆ ಆರಿಸಿ. ಕರೆಂಟ್ ನಡುರಾತ್ರಿ ಬಂದು ಕಂಬಳಿಯಡಿಯಲ್ಲಿ ಹೀಟರ್ ಹತ್ತಿಕೊಳ್ಳಬಾರದು. ಒಂದು ಲೀಟರಿನ ಎರಡು ಸೀಸೆಗೆ ಕೈ ತಾಳುವಷ್ಟು ಬಿಸಿನೀರು ತುಂಬಿ, ಟವೆಲ್ ಸುತ್ತಿ ಬಿಸಿ ತುದಿಯ ಮೂಲೆಗೆ ಇಡಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಸೀಸೆಯಿಂದ ದೂರ ಸರಿಯಲು ಹಾವಿಗೆ ಜಾಗವಿರಬೇಕು. ತಣ್ಣಗಾಗಿ ಮಂಕಾದ ಹಾವನ್ನು ಒಮ್ಮೆಗೇ ಬಿಸಿಯ ಮೇಲೆ ಇಡಬೇಡಿ, ಕೆಲವು ಗಂಟೆಗಳಲ್ಲಿ ನಿಧಾನವಾಗಿ ಏರಲಿ. ಮಳೆ ಗಾಳಿಯ ಮುನ್ಸೂಚನೆ ಇದ್ದರೆ, ಲೈನ್ ದುರಸ್ತಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದ್ದರೆ, ಆ ವಾರ ಇಲಿ ಕೊಡುವುದನ್ನು ಮುಂದೂಡಿ. ಒಂದು ವಾರದ ಉಪವಾಸ ಬಾಲ್ ಪೈಥಾನಿಗೆ ಲೆಕ್ಕಕ್ಕಿಲ್ಲ.

ಹಾವೇ ಹೇಳುವುದು

ಮೀಟರುಗಳ ಜೊತೆ ಹಾವನ್ನೂ ಓದಿ. ದಿನವಿಡೀ ಬಿಸಿ ನೆಲಕ್ಕೆ ಅಂಟಿಕೊಂಡಿದ್ದರೆ ಪೆಟ್ಟಿಗೆಯ ಒಟ್ಟು ಹವೆ ತಣ್ಣಗಿದೆ. ತಂಪು ತುದಿ ಬಿಟ್ಟು ಕದಲದಿದ್ದರೆ, ನೀರಿನ ಬಟ್ಟಲಲ್ಲೇ ಮುಳುಗಿ ಕೂತರೆ ಬಿಸಿ ಹೆಚ್ಚಾಗಿದೆ. ನೀರಲ್ಲಿ ಕೂರುವುದಕ್ಕೆ ಮೈಗೆ ಹತ್ತಿದ ಉಣುಗಿನಂಥ ಸಣ್ಣ ಹುಳುಗಳೂ ಕಾರಣವಿರಬಹುದು, ಅದನ್ನೂ ನೋಡಿ. ಊಟವಾದ ಎರಡು ದಿನ ಬಿಸಿ ಮಡಕೆಯಲ್ಲಿ, ಆಮೇಲೆ ಅತ್ತಿತ್ತ ಓಡಾಟ ಎಂದಾದರೆ ನಿಮ್ಮ ಕೆಲಸ ಸರಿಯಿದೆ. ಉಸಿರಾಡುವಾಗ ಸಿಳ್ಳಿನ ಸದ್ದು, ಬಾಯಿಯಲ್ಲಿ ಲೋಳೆಯ ಗುಳ್ಳೆ, ತಲೆ ಎತ್ತಿ ಬಾಯಿ ತೆರೆದು ಕೂರುವುದು ಕಂಡರೆ ಅದು ಚಳಿಯಿಂದ ಬಂದ ಶ್ವಾಸಕೋಶದ ಸೋಂಕಾಗಿರಬಹುದು. ಬಿಸಿ ಏರಿಸಿದರೆ ವಾಸಿಯಾಗುತ್ತದೆ ಎಂದು ಕಾಯಬೇಡಿ. ನಮ್ಮ ತಾಲ್ಲೂಕಿನ ಪಶುವೈದ್ಯರು ದನ ಕುರಿಗಳಲ್ಲಿ ಪಳಗಿದವರು. ಬೆಂಗಳೂರಿನಲ್ಲಿ ಸರೀಸೃಪಗಳನ್ನು ನೋಡುವ ವೈದ್ಯರನ್ನು ಮೊದಲೇ ಗೊತ್ತುಮಾಡಿಕೊಂಡು ಫೋನ್ ನಂಬರ್ ಪೆಟ್ಟಿಗೆಯ ಮೇಲೆ ಬರೆದಿಡಿ. ಒಯ್ಯುವಾಗ ಬಟ್ಟೆಯ ಚೀಲದಲ್ಲಿ ಕಟ್ಟಿ, ಚೀಲವನ್ನು ತೂತು ಮಾಡಿದ ಥರ್ಮಾಕೋಲ್ ಡಬ್ಬಿಯಲ್ಲಿ ಇಡಿ. ಬಸ್ಸಿನಲ್ಲಿ ಹೋಗುವವರು ಡಬ್ಬಿಯಲ್ಲಿ ಏನಿದೆ ಎಂಬ ಪ್ರಶ್ನೆಗೂ ಒಂದು ಉತ್ತರ ಸಿದ್ಧ ಮಾಡಿಕೊಳ್ಳುವುದು ವಾಸಿ. ನಾನು ಕಾರು ಬಾಡಿಗೆಗೆ ಹಿಡಿದೆ.

ಶಿವರಾತ್ರಿ ದಾಟಿದ ಮೇಲೆ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರೆ. ಅದಾದ ವಾರದಲ್ಲಿ ಥರ್ಮಾಕೋಲ್ ಬಿಚ್ಚಿ, ಮೇಲಿನ ಜಾಲರಿಯ ಮುಚ್ಚಿಗೆಯನ್ನು ಅರ್ಧಕ್ಕೆ ಇಳಿಸಿ. ಏಪ್ರಿಲ್ ಹೊತ್ತಿಗೆ ಕೋಣೆಯೇ ಮಧ್ಯಾಹ್ನ 32–33 ಮುಟ್ಟುತ್ತದೆ, ಆಗ ಹೀಟರ್ ತಾನಾಗಿ ಆರಿರುತ್ತದೆ. ಕಾಪಾಡಿಕೊಳ್ಳಬೇಕಾದದ್ದು ತಂಪು ತುದಿಯನ್ನು. ಆರ್‌ಸಿಸಿ ಚಾವಣಿ ಹಗಲು ಹೀರಿದ ಬಿಸಿಯನ್ನು ರಾತ್ರಿ ಹತ್ತರವರೆಗೆ ಕಕ್ಕುವುದರಿಂದ ಸಂಜೆಯೇ ಹೆಚ್ಚು ಕಷ್ಟದ ಹೊತ್ತು. ತಂಪು ತುದಿ 28 ದಾಟಿತೆಂದರೆ ನಾನು ಪೆಟ್ಟಿಗೆಯ ಆ ಬದಿಯ ಹೊರಗೋಡೆಗೆ ನೆನೆಸಿದ ಗೋಣಿಚೀಲ ನೇತುಹಾಕಿ ಫ್ಯಾನ್ ತಿರುಗಿಸುತ್ತೇನೆ. ಚೀಲ ಹುಳು ಮನೆಯದೇ. ಒಣಗುವ ಮುಂಚೆ ಹಿಂದಕ್ಕೆ ತಂದುಕೊಡಬೇಕು ಎಂಬ ಷರತ್ತಿನ ಮೇಲೆ ಅಮ್ಮ ಕೊಟ್ಟದ್ದು.